ಕೈ ಮೊದಲು ಹಿಂದಕ್ಕೆ ಬಂತು, ಉರಿ ಆಮೇಲೆ ಗೊತ್ತಾಯಿತು. ಹಾಗಾದರೆ ಕೈ ಎಳೆದದ್ದು ಯಾರು?

ಸುಟ್ಟಬೆರಳು
ನಿನ್ನೆ ಬೆಳಗ್ಗೆ ಅವಸರದಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಒಂದು ಕಣ್ಣು ಫೋನ್ ಮೇಲೆ. ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ತೋರುಬೆರಳು ತಗುಲಿಬಿಟ್ಟಿತು. ಕೈ ಸರಕ್ಕನೆ ಹಿಂದಕ್ಕೆ ಬಂತು. ಆಮೇಲೆ, ಗಮನಿಸಿ, ಆಮೇಲೆ ಚುರುಕ್ ಅಂತು. ಅದೂ ಸಣ್ಣದು. "ಪರವಾಗಿಲ್ಲ, ಬಚಾವಾದೆ" ಅಂದುಕೊಳ್ಳುವಷ್ಟರಲ್ಲಿ ನಿಜವಾದ ಉರಿ ನಿಧಾನಕ್ಕೆ ಏರಿ ಬಂತು. ಅದು ಸಂಜೆ ತನಕ ಬಿಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನೋವು ಗೊತ್ತಾಗುವ ಮುಂಚೆಯೇ ಕೈ ಎಳೆದವರು ಯಾರು? ನಾನಂತೂ ಅಲ್ಲ. ಇನ್ನೊಂದು, ಸುಟ್ಟಿದ್ದು ಒಂದೇ ಸಲ, ನೋವು ಯಾಕೆ ಎರಡು ಕಂತಿನಲ್ಲಿ ಬಂತು?

ಸುಮ್ನೆಬಂದವ
ತಣ್ಣೀರಲ್ಲಿ ಹಿಡಿದಿರಾ? ಪ್ರಶ್ನೆ ಆಮೇಲೆ ಕೇಳಬಹುದು.

ಸುಟ್ಟಬೆರಳು
ಹಿಡಿದೆ ಸ್ವಾಮಿ. ಇಪ್ಪತ್ತು ನಿಮಿಷ ನಲ್ಲಿ ಕೆಳಗೇ ನಿಂತಿದ್ದೆ. ಆಗಲೇ ಈ ಪ್ರಶ್ನೆ ಹುಟ್ಟಿದ್ದು.

ಹಳೇಮೇಷ್ಟ್ರು
ಮೂವತ್ತು ವರ್ಷ ಇದೇ ಪಾಠ ಮಾಡಿದ್ದೇನೆ, ನಾನೇ ಶುರು ಮಾಡುತ್ತೇನೆ. ಮಿದುಳು, ಅದರಿಂದ ಬೆನ್ನುಮೂಳೆಯೊಳಗೆ ಇಳಿಯುವ ಮಿದುಳುಬಳ್ಳಿ, ಇವೆರಡೂ ಸೇರಿ ಕೇಂದ್ರ ನರಮಂಡಲ. ಬಳ್ಳಿ ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು ಅನ್ನಿ. ಮಿದುಳಿನಿಂದ ನೇರವಾಗಿ 12 ಜೊತೆ ನರ ಹೊರಡುತ್ತವೆ, ಬಳ್ಳಿಯಿಂದ 31 ಜೊತೆ. ಹೊರಗೆ ಹರಡಿದ ಈ ನರಗಳೆಲ್ಲ ಪರಿಧಿ ನರಮಂಡಲ.

ನಿಮ್ಮ ಬೆರಳಿನ ಸುದ್ದಿ ತೋಳಿನಲ್ಲಿ ಹತ್ತಿ ಕುತ್ತಿಗೆಯ ಹತ್ತಿರ ಬಳ್ಳಿಯೊಳಗೆ ಹೋಗುತ್ತದೆ. ಅಲ್ಲೇ ನಡುವೆ ಕುಳಿತ ನರಕೋಶಗಳು ಅದನ್ನು ಸ್ನಾಯುವಿಗೆ ಅಪ್ಪಣೆ ಒಯ್ಯುವ ಚಾಲಕ ನರಕ್ಕೆ ದಾಟಿಸುತ್ತವೆ. ತೋಳು ಮಡಚುವ ಸ್ನಾಯುವಿಗೆ "ಬಿಗಿ" ಅನ್ನುವ ಅಪ್ಪಣೆ, ಚಾಚುವ ಸ್ನಾಯುವಿಗೆ "ಸಡಿಲ ಬಿಡು" ಅನ್ನುವ ಅಪ್ಪಣೆ, ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೆಯದು ಹೋಗದಿದ್ದರೆ ಕೈ ಅಲ್ಲೇ ಸೆಟೆದುಕೊಂಡು ನಿಲ್ಲುತ್ತಿತ್ತು. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಅಂತ ಹೆಸರು. ಮಿದುಳಿಗೂ ಸುದ್ದಿ ಹೋಗುತ್ತದೆ, ಆದರೆ ಅಲ್ಲಿ ನೋವು ಅನ್ನಿಸುವಷ್ಟರಲ್ಲಿ ಕೈ ಹೊರಟಾಗಿರುತ್ತದೆ. ಆದ್ದರಿಂದ ಕೈ ಎಳೆದದ್ದು ಮಿದುಳುಬಳ್ಳಿ. ಮಿದುಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಕಿರಿಕ್_ಪ್ರಶ್ನೆ
ಮೇಷ್ಟ್ರೇ, ಕೊನೇ ಮಾತು ಒಪ್ಪುವುದಿಲ್ಲ. ಕುದಿಯುವ ನೀರು ತುಂಬಿದ ಪಾತ್ರೆ ಎತ್ತಿದ್ದೀರಿ, ಪಕ್ಕದಲ್ಲಿ ಮಗು ನಿಂತಿದೆ. ಕೈ ಸುಡುತ್ತದೆ. ಬಿಡುತ್ತೀರಾ? ಹಲ್ಲು ಕಚ್ಚಿ ಕೆಳಗಿಡುವ ತನಕ ಹಿಡಿದೇ ಇರುತ್ತೀರಿ. ಬಳ್ಳಿಯೊಂದೇ ದೊಡ್ಡ ಯಜಮಾನ ಆಗಿದ್ದರೆ ಪಾತ್ರೆ ಯಾವಾಗಲೋ ಬೀಳಬೇಕಿತ್ತು ಅಲ್ವಾ?

ಎರಡನೇವರ್ಷ
ಕಿರಿಕ್ ಹೇಳಿದ್ದು ಸರಿ. ನಾನು ವೈದ್ಯಕೀಯ ಎರಡನೇ ವರ್ಷ, ಇದನ್ನೇ ಓದುತ್ತಿದ್ದೇನೆ. ಮಿದುಳಿನಿಂದ ಬಳ್ಳಿಗೆ ಸದಾ ಮಾತು ಇಳಿಯುತ್ತಲೇ ಇರುತ್ತದೆ, ಜಾಸ್ತಿ ಪಾಲು "ತಡಿ, ತಡಿ" ಅನ್ನುವ ಮಾತೇ. ಪಾತ್ರೆ ಎತ್ತುವ ಮುಂಚೆಯೇ "ಬಿಸಿ ಇದೆ, ಬಿಡಬೇಡ" ಅಂತ ಮೇಲಿಂದ ಸೂಚನೆ ಹೋಗಿರುತ್ತದೆ. ಇಸ್ತ್ರಿ ಪೆಟ್ಟಿಗೆ ತಗುಲಿದಾಗ ಆ ಸೂಚನೆ ಇರಲಿಲ್ಲ, ಅಷ್ಟೇ.

ಇದಕ್ಕೆ ಚಂದದ ಸಾಕ್ಷಿ ಎಳೆಮಗುವಿನ ಅಂಗಾಲು. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಮಗುವಿನ ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಉಳಿದ ಬೆರಳು ಬೀಸಣಿಗೆ ಹಾಗೆ ಅಗಲುತ್ತವೆ. ನಮಗೆ ಗೀರಿದರೆ ಬೆರಳು ಕೆಳಕ್ಕೆ ಮಡಚುತ್ತದೆ. ಮಗುವಿನಲ್ಲಿ ಮೇಲಿಂದ ಇಳಿಯುವ ದಾರಿ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ, ಬಳ್ಳಿ ತನ್ನ ಪಾಡಿಗೆ ತಾನು ಮಾಡುತ್ತದೆ. ದೊಡ್ಡವರಲ್ಲಿ ಮತ್ತೆ ಹೆಬ್ಬೆರಳು ಮೇಲೆದ್ದರೆ ಆ ದಾರಿಗೆ ಎಲ್ಲೋ ಪೆಟ್ಟು ಬಿದ್ದಿದೆ ಅಂತ ಡಾಕ್ಟರಿಗೆ ಅನುಮಾನ. 1896ರಲ್ಲಿ ಬಬಿನ್‌ಸ್ಕಿ ಅನ್ನುವ ವೈದ್ಯ ಇದನ್ನು ಬರೆದಿಟ್ಟ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಕಾಲಬೆರಳು ನೋಡಿ ಮಿದುಳಿನ ಸುದ್ದಿ ಹೇಳುತ್ತಿದ್ದರು!

ಹಳೇಮೇಷ್ಟ್ರು
ಸರಿಯಪ್ಪ, "ಸಂಬಂಧವೇ ಇಲ್ಲ" ಅಂದದ್ದು ತಪ್ಪು. "ಕೇಳಿ ಮಾಡಲಿಲ್ಲ" ಅಂತ ತಿದ್ದಿಕೊಳ್ಳುತ್ತೇನೆ. ಕ್ಲಾಸಿನಲ್ಲಿ ಈ ಪಾತ್ರೆ ಪ್ರಶ್ನೆ ಯಾವ ಹುಡುಗನೂ ಕೇಳಿರಲಿಲ್ಲ.

ಸುಮ್ನೆಬಂದವ
ಕೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದಿರಿ ಬಿಡಿ 😄

ಮಂಡಿನೋವು
ಡಾಕ್ಟರು ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾರಲ್ಲ, ಅದೂ ಇದೇ ತಾನೇ? ನನಗೆ ಬಡಿದಾಗ ಒಂದು ಕಾಲು ಜಿಗಿಯಿತು, ಇನ್ನೊಂದು ಸುಮ್ನೆ ನೇತಾಡಿತು. ಹೆದರಿಬಿಟ್ಟೆ.

ಎರಡನೇವರ್ಷ
ಅದು ಇನ್ನೂ ಸರಳ. ನಡುವೆ ಮಧ್ಯವರ್ತಿ ನರಕೋಶವೇ ಇಲ್ಲ. ಮಂಡಿಚಿಪ್ಪಿನ ಕೆಳಗಿನ ಪಟ್ಟಿಗೆ ಬಡಿದಾಗ ತೊಡೆಯ ಮುಂದಿನ ಸ್ನಾಯು ಒಂದಿಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಬಳ್ಳಿಗೆ ಗೊತ್ತಾಗಿ ಅದೇ ಸ್ನಾಯುವಿಗೆ "ಬಿಗಿ" ಅಂತ ವಾಪಸ್. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಕೂಡುತಾಣ ದಾರಿಯಲ್ಲಿ ಒಂದೇ ಒಂದು. ಎರಡೂ ಕಾಲು ಒಂದೇ ಥರ ಜಿಗಿಯದಿದ್ದರೆ ಯಾವ ಮಟ್ಟದ ನರದಲ್ಲಿ ತೊಂದರೆ ಅಂತ ಊಹಿಸಬಹುದು, ಅದಕ್ಕೇ ಬಡಿಯುವುದು. ನಿಮ್ಮ ಕಾಲು ಬಿಗಿ ಹಿಡಿದು ಕೂತಿದ್ದರೂ ಜಿಗಿಯುವುದಿಲ್ಲ. ಡಾಕ್ಟರು ಏನಂದರು?

ಮಂಡಿನೋವು
"ಸಡಿಲ ಬಿಡಿ ಅಂದರೆ ಬಿಡಬೇಕು" ಅಂದು ಮತ್ತೆ ಬಡಿದರು. ಜಿಗಿಯಿತು. ಬಡಿಯುವ ಮುಂಚೆಯೇ ನಾನು ಬಿಗಿ ಹಿಡಿದಿದ್ದೆ ಅಂತ ಕಾಣುತ್ತದೆ.

ಲೆಕ್ಕಪಕ್ಕಾ
ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಎರಡು ಕಂತಿನ ನೋವಿಗೆ ಕಾರಣ ಎರಡು ಥರದ ನರತಂತು. ಚುರುಕ್ ಅನ್ನುವ ಮೊದಲ ನೋವು ತರುವ ತಂತುಗಳಿಗೆ ಮಯಲಿನ್ ಅನ್ನುವ ಕೊಬ್ಬಿನ ತೆಳು ಹೊದಿಕೆ ಇದೆ, ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತವೆ. ಉರಿಯುವ ಎರಡನೇ ನೋವು ತರುವ ತಂತುಗಳು ಸಪೂರ, ಹೊದಿಕೆ ಇಲ್ಲ, ಸೆಕೆಂಡಿಗೆ ಅರ್ಧದಿಂದ 2 ಮೀಟರ್. ಅಂದರೆ ನಡಿಗೆಯ ವೇಗ!

ಬೆರಳಿನಿಂದ ಕುತ್ತಿಗೆಗೆ ಮುಕ್ಕಾಲು ಮೀಟರ್ ಹಿಡಿಯಿರಿ. ಮೊದಲನೆಯದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಟ್ಟುತ್ತದೆ. ಎರಡನೆಯದು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ನೀವು "ಬಚಾವಾದೆ" ಅಂದುಕೊಂಡದ್ದು ಈ ಸಂದಿನಲ್ಲಿ.

ಸುಟ್ಟಬೆರಳು
ಅಬ್ಬಾ. ಹಾಗಾದರೆ ಮಂಚದ ಕಾಲಿಗೆ ಕಿರುಬೆರಳು ಎಡವಿದಾಗಲೂ ಇದೇ! ಟಕ್ ಅಂತ ತಗುಲಿದ್ದು ಗೊತ್ತಾಗುತ್ತದೆ. ಉಸಿರು ಹಿಡಿದು ಕಾಯುತ್ತೇವೆ, ಬರುತ್ತದೆ ಅಂತ ಗೊತ್ತು. ಆಮೇಲೆ ಬರುತ್ತದೆ.

ಲೆಕ್ಕಪಕ್ಕಾ
ಹೌದು, ಕಾಲಿನಿಂದ ದಾರಿ ಇನ್ನೂ ಉದ್ದ, ಕಾಯುವ ಹೊತ್ತೂ ಜಾಸ್ತಿ. ಎತ್ತರದವರಿಗೆ ಇನ್ನೊಂದಿಷ್ಟು.

ಕಿರಿಕ್_ಪ್ರಶ್ನೆ
ನರದಲ್ಲಿ ಹರಿಯುವುದು ಕರೆಂಟ್ ಅಲ್ವಾ? ಕರೆಂಟು ನಡೆದುಕೊಂಡು ಹೋಗುತ್ತದಾ?

ಲೆಕ್ಕಪಕ್ಕಾ
ತಂತಿಯ ಕರೆಂಟಲ್ಲ. ನಿಂತ ಸೈಕಲ್ ಸಾಲಿನಲ್ಲಿ ಮೊದಲನೆಯದನ್ನು ನೂಕಿ. ಒಂದು ಬಿದ್ದು ಇನ್ನೊಂದನ್ನು ಬೀಳಿಸುತ್ತಾ ಕೊನೆ ಮುಟ್ಟುತ್ತದೆ. ಯಾವ ಸೈಕಲ್ಲೂ ಮುಂದಕ್ಕೆ ಹೋಗಲಿಲ್ಲ, ಬೀಳುವಿಕೆ ಮಾತ್ರ ಹೋಯಿತು. ಸುಮ್ಮನಿರುವ ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ, ಅಂದರೆ ಮೈನಸ್. ಪ್ರಚೋದನೆ ಬಂದಾಗ ಪೊರೆಯ ಸೋಡಿಯಂ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಪಕ್ಕದ ಬಾಗಿಲು ತೆರೆಯುತ್ತದೆ, ಅದರ ಪಕ್ಕದ್ದು... ಹಿಂದೆಯೇ ಪೊಟ್ಯಾಶಿಯಂ ಹೊರಗೆ ಹೋಗಿ ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತದೆ. ಒಂದು ಕಡೆ ಇದೆಲ್ಲ ಸುಮಾರು ಒಂದು ಮಿಲಿಸೆಕೆಂಡಿನ ಕೆಲಸ.

ಮಯಲಿನ್ ಹೊದಿಕೆ ಇದ್ದರೆ ಪ್ರತಿ ಹೆಜ್ಜೆಯೂ ಇಡಬೇಕಿಲ್ಲ. ಹೊದಿಕೆಯ ನಡುವಿನ ಸಂದಿನಿಂದ ಸಂದಿಗೆ ಸಂಕೇತ ಜಿಗಿಯುತ್ತದೆ. ದಪ್ಪ ಹೊದಿಕೆಯ ತಂತುಗಳಲ್ಲಿ ಸೆಕೆಂಡಿಗೆ 120 ಮೀಟರ್ ತನಕ ಹೋಗುತ್ತದೆ.

ವೇಗ ಅಳೆದದ್ದು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ, ಕಪ್ಪೆಯ ಕಾಲಿನ ನರದಲ್ಲಿ. ಸ್ನಾಯುವಿನ ಹತ್ತಿರ ಒಮ್ಮೆ ಪ್ರಚೋದಿಸಿದ, ದೂರದಲ್ಲಿ ಇನ್ನೊಮ್ಮೆ, ಎರಡರ ಹೊತ್ತಿನ ವ್ಯತ್ಯಾಸ ಹಿಡಿದ. ಸೆಕೆಂಡಿಗೆ 30 ಮೀಟರಿಗೂ ಕಡಿಮೆ ಬಂತು. ಅದಕ್ಕೆ ಮುಂಚೆ ಇದನ್ನು ಅಳೆಯಲಿಕ್ಕೇ ಆಗದು ಅಂತ ದೊಡ್ಡ ವಿಜ್ಞಾನಿಗಳೇ ನಂಬಿದ್ದರು.

ಸುಟ್ಟಬೆರಳು
ಜೋರಾಗಿ ಸುಟ್ಟರೆ ದೊಡ್ಡ ಸಂಕೇತ, ಕಮ್ಮಿ ಸುಟ್ಟರೆ ಚಿಕ್ಕದು, ಹಾಗಾ?

ಎರಡನೇವರ್ಷ
ಅಲ್ಲ. ಪ್ರತಿ ಸಂಕೇತವೂ ಒಂದೇ ಅಳತೆ. ಹುಟ್ಟಿದರೆ ಪೂರ್ತಿ, ಇಲ್ಲವಾದರೆ ಇಲ್ಲವೇ ಇಲ್ಲ. ಜೋರು ಅಂದರೆ ಸೆಕೆಂಡಿಗೆ ಜಾಸ್ತಿ ಸಲ ಬರುತ್ತದೆ, ಜಾಸ್ತಿ ತಂತುಗಳಲ್ಲಿ ಬರುತ್ತದೆ. ಬಾಗಿಲು ಬಡಿಯುವವನು ದೊಡ್ಡ ಕೈ ತರುವುದಿಲ್ಲ, ಪದೇ ಪದೇ ಬಡಿಯುತ್ತಾನೆ. ಅಂದಹಾಗೆ ಹಲ್ಲು ಕೀಳುವ ಮುಂಚೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರಲ್ಲ, ಅದು ಮಾಡುವುದು ಇಷ್ಟೇ, ಸೋಡಿಯಂ ಬಾಗಿಲಿಗೆ ಅಗುಳಿ ಹಾಕುವುದು. ಹಲ್ಲಿಗೆ ಪೆಟ್ಟು ಬಿದ್ದೇ ಬೀಳುತ್ತದೆ, ಸುದ್ದಿ ಮುಂದೆ ಹೋಗುವುದಿಲ್ಲ.

ರಾತ್ರಿಪಾಳಿ
ನಾನು ನರ್ಸ್. ನೋವನ್ನು ಬೈಯುವವರಿಗೆ ಒಂದು ಘಟನೆ ಹೇಳುತ್ತೇನೆ. ಒಮ್ಮೆ ಮಧ್ಯರಾತ್ರಿ ಜ್ವರ ಅಂತ ಒಬ್ಬರು ಬಂದರು. ವಯಸ್ಸಾದವರು, ಹಳೇ ಸಕ್ಕರೆ ಕಾಯಿಲೆ. ಚಪ್ಪಲಿ ಬಿಚ್ಚಿಸಿದರೆ ಅಂಗಾಲಿನಲ್ಲಿ ಮೊಳೆ. ಚಪ್ಪಲಿ ದಾಟಿ ಕಾಲಿಗೆ ಇಳಿದಿತ್ತು. ಅದರ ಮೇಲೇ ಎರಡು ದಿನ ಓಡಾಡಿದ್ದಾರೆ! "ಏನೋ ಚಪ್ಪಲಿ ಭಾರ ಅನ್ನಿಸಿತು ತಾಯಿ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಉದ್ದದ ನರಗಳು ಮೊದಲು ಕೆಡುತ್ತವೆ. ಅದಕ್ಕೇ ಪಾದದಿಂದ ಶುರು, ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಏರುತ್ತದೆ. ಕೈ ಬೆರಳಿನ ಸರದಿ ಆಮೇಲೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಿನಾ ರಾತ್ರಿ ಅಂಗಾಲು ನೋಡಿ. ಅವರಿಗೆ ಬಗ್ಗಿ ನೋಡಲು ಆಗದಿದ್ದರೆ ನೀವು ನೋಡಿ.

ಮಂಡಿನೋವು
ಅಕ್ಕಾ, ನನಗೂ ಕಾಲು ಆಗಾಗ ಜೋಮು ಹಿಡಿಯುತ್ತದೆ. ಚಕ್ಕಳಮಕ್ಕಳ ಕೂತರೆ ಹತ್ತೇ ನಿಮಿಷ. ನರ ಹೋಯಿತಾ?

ರಾತ್ರಿಪಾಳಿ
ಕೂತಾಗ ಮಾತ್ರ ಬಂದು, ಎದ್ದು ಓಡಾಡಿದರೆ ಐದು ನಿಮಿಷದಲ್ಲಿ ಹೋದರೆ ಹೆದರಬೇಡಿ. ನರವೂ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಅದುಮಿಕೊಂಡಿರುತ್ತವೆ. ಬಿಟ್ಟ ಕೂಡಲೇ ತಂತುಗಳು ಒಂದೊಂದಾಗಿ ಎದ್ದು ಮನಸ್ಸಿಗೆ ಬಂದ ಹಾಗೆ ಸಂಕೇತ ಕಳಿಸುತ್ತವೆ. ಆ ಗಲಾಟೆಯೇ ಜುಮುಜುಮು. ಸುಮ್ಮನೆ ಮಲಗಿದ್ದಾಗಲೂ ಬಂದರೆ, ಇಲ್ಲಾ ಕಾಲಲ್ಲಿ ಬಲ ಕಮ್ಮಿಯಾದರೆ ತೋರಿಸಿ. ಇದ್ದಕ್ಕಿದ್ದಂತೆ ಮೈಯ ಒಂದೇ ಪಕ್ಕ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಮಾತ್ರ ಜೋಮು ಅಂತ ಉಜ್ಜುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಅದು ಮಿದುಳಿನ ಆಘಾತ, ಒಂದೊಂದು ನಿಮಿಷವೂ ಲೆಕ್ಕ.

ಪದಬೇಟೆ
ವಿಷಯಾಂತರ ಮಾಡುತ್ತೇನೆ, ಬೈಯಬೇಡಿ. ನಮ್ಮಲ್ಲಿ "ನರ" ಅನ್ನುವ ಪದ ಪಡುವ ಪಾಡು ಯಾರಿಗೂ ಬೇಡ. ಕೈ ಮೇಲೆ ಹಸಿರಾಗಿ ಎದ್ದು ಕಾಣುವುದಕ್ಕೂ ನರ ಅನ್ನುತ್ತೇವೆ, ಅದು ರಕ್ತನಾಳ. ಕುತ್ತಿಗೆ ಹೊರಳಿಸಿದಾಗ "ನರ ಹಿಡಿಯಿತು" ಅನ್ನುತ್ತೇವೆ, ಬಹಳ ಸಲ ಅದು ಸ್ನಾಯು. ಹಿಮ್ಮಡಿ ಮೇಲಿನ ಗಟ್ಟಿ ಹುರಿಗೂ ನರ ಅನ್ನುತ್ತೇವೆ, ಅದು ಸ್ನಾಯುವನ್ನು ಮೂಳೆಗೆ ಕಟ್ಟಿದ ಪಟ್ಟಿ. ನಿಜವಾದ ನರ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಪಾಪ.

ನಾವೊಬ್ಬರೇ ಅಲ್ಲ. ಗ್ರೀಕರ "ನ್ಯೂರಾನ್" ಪದಕ್ಕೂ ಮೊದಲಿದ್ದ ಅರ್ಥ ಸ್ನಾಯುಪಟ್ಟಿ, ಹುರಿ. ಸಂಸ್ಕೃತದ "ಸ್ನಾಯು"ವೂ ಅಂಥದ್ದೇ ಪಟ್ಟಿ. ಅದು ಬಂಗಾಳಿಗೆ ಹೋಗಿ ನರ ಆಯಿತು, ಕನ್ನಡಕ್ಕೆ ಬಂದು ಮಾಂಸಖಂಡ ಆಯಿತು. ಎರಡು ಭಾಷೆಯ ವಿಜ್ಞಾನ ಪುಸ್ತಕ ಪಕ್ಕಪಕ್ಕ ಇಟ್ಟರೆ ತಲೆ ಕೆಡುತ್ತದೆ.

ಹಳೇಮೇಷ್ಟ್ರು
ಬಹಳ ಚೆನ್ನಾಗಿದೆ. ಅರಿಸ್ಟಾಟಲ್ ಅಂಥವನೇ ಯೋಚನೆ ಹೃದಯದ ಕೆಲಸ, ಮಿದುಳು ಇರುವುದು ರಕ್ತ ತಂಪು ಮಾಡಲಿಕ್ಕೆ ಅಂದಿದ್ದ. ಎರಡನೇ ಶತಮಾನದಲ್ಲಿ ಗೇಲನ್ ಅನ್ನುವ ವೈದ್ಯ, ಕಿರುಚುತ್ತಿದ್ದ ಹಂದಿಯ ಗಂಟಲಿನ ಹತ್ತಿರ ಸಪೂರ ನರ ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ದನಿ ಮಾತ್ರ ನಿಂತಿತು. ಪಾಪದ ಪ್ರಾಣಿ. ಆದರೆ ಕೂಗಿಗೂ ಮಿದುಳಿಗೂ ನಡುವೆ ಸೇತುವೆ ಇದೆ ಅಂತ ಗೊತ್ತಾದದ್ದು ಹಾಗೆ.

ಮಂಡಿನೋವು
ಪದದ ವಿಷಯ ಬಂತಲ್ಲ, "ನರದೌರ್ಬಲ್ಯ" ಅಂದರೆ ಏನು? ಪರಿಚಯದವರೊಬ್ಬರು ಅದಕ್ಕೇ ಅಂತ ಒಂದು ಡಬ್ಬಿ ಮಾತ್ರೆ ಕೊಟ್ಟಿದ್ದಾರೆ.

ಎರಡನೇವರ್ಷ
ಹಾಗಂತ ಒಂದು ಕಾಯಿಲೆ ನಮ್ಮ ಪುಸ್ತಕದಲ್ಲಿ ಇಲ್ಲ. ಸುಸ್ತು, ನಡುಕ, ನಿದ್ದೆ ಬಾರದಿರುವುದು, ಚಿಂತೆ, ಎಲ್ಲವನ್ನೂ ತುರುಕುವ ಚೀಲ ಅದು.

ಕಿರಿಕ್_ಪ್ರಶ್ನೆ
ಮಾರುವವರಿಗೆ ಬಲು ಅನುಕೂಲದ ಚೀಲ.

ರಾತ್ರಿಪಾಳಿ
ಪೂರ್ತಿ ತಳ್ಳಿಹಾಕಬೇಡಿ. ಬಿ12 ಜೀವಸತ್ವ ಕಮ್ಮಿಯಾದರೆ ಮಯಲಿನ್ ಹೊದಿಕೆ ನಿಜಕ್ಕೂ ಹಾಳಾಗುತ್ತದೆ. ಕಾಲು ಜುಮುಜುಮು, ಕತ್ತಲಲ್ಲಿ ನಡೆದರೆ ತೂರಾಡುವುದು, ಮರೆವು. ತಡ ಮಾಡಿದರೆ ಪೂರ್ತಿ ವಾಪಸ್ ಬರುವುದಿಲ್ಲ. ಆದರೆ ಅದಕ್ಕೆ ರಕ್ತ ಪರೀಕ್ಷೆ ಇದೆ. ನೋಡಿ, ಕಮ್ಮಿ ಇದ್ದರೆ ತಗೊಳ್ಳಿ. ಪರಿಚಯದವರ ಡಬ್ಬಿ ಪಕ್ಕಕ್ಕಿಡಿ.

ಸುಮ್ನೆಬಂದವ
ನಾವು ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವಂತಲ್ಲ?

ಲೆಕ್ಕಪಕ್ಕಾ
ಸುಳ್ಳು. ಮಿದುಳಿನ ತೂಕ ಮೈಯ ಶೇಕಡಾ 2ರಷ್ಟು, ತಿನ್ನುವುದು ವಿಶ್ರಾಂತಿಯಲ್ಲಿರುವ ಮೈಯ ಶಕ್ತಿಯಲ್ಲಿ ಶೇಕಡಾ 20ರಷ್ಟು. ಕೆಲಸ ಮಾಡದ ತೊಂಬತ್ತು ಭಾಗವನ್ನು ಯಾವ ಮೈ ಸಾಕುತ್ತದೆ? "ಹತ್ತು ಸಾವಿರ ಕೋಟಿ ನರಕೋಶ" ಅನ್ನುವುದೂ ಹಳೇ ಅಂದಾಜು. 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಮಿದುಳನ್ನೇ ಅರೆದು ದ್ರಾವಣ ಮಾಡಿ ಕೋಶಕೇಂದ್ರ ಎಣಿಸಿದರು. ಬಂದದ್ದು ಸುಮಾರು 8600 ಕೋಟಿ. ಅದರಲ್ಲಿ ಬಹುಪಾಲು ಇರುವುದು ಹಿಂದೆ ಕೆಳಗೆ ಅಡಗಿರುವ ಪುಟ್ಟ ಅನುಮಸ್ತಿಷ್ಕದಲ್ಲಿ.

ಸುಟ್ಟಬೆರಳು
ಇನ್ನೊಂದು ಕೇಳಬೇಕಿತ್ತು. ಮೊಣಕೈಯ ಒಳಬದಿ ಬಾಗಿಲ ಚೌಕಟ್ಟಿಗೆ ಬಡಿದರೆ ಕಿರುಬೆರಳು ಝುಮ್ ಅನ್ನುತ್ತದೆ. ಬಡಿದದ್ದು ಮೊಣಕೈಗೆ!

ಎರಡನೇವರ್ಷ
ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಹೋಗುವ ನರ ಮೊಣಕೈಯಲ್ಲಿ ಮೂಳೆಯ ಮೇಲೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ರಕ್ಷಣೆಯೇ ಇಲ್ಲ. ನಡುದಾರಿಯಲ್ಲಿ ಬಡಿದರೂ ಮಿದುಳಿಗೆ ಗೊತ್ತಿರುವುದು "ಈ ಸಾಲಿನಲ್ಲಿ ಬಂತು, ಅಂದರೆ ಕಿರುಬೆರಳು" ಅಂತ ಮಾತ್ರ. ಕೈ ಕಳೆದುಕೊಂಡವರಿಗೆ ಇಲ್ಲದ ಬೆರಳು ನೋಯುವುದಕ್ಕೂ ಇದು ಒಂದು ಕಾರಣ. ಸಾಲು ಇದೆ, ಮಿದುಳಿನಲ್ಲಿ ಆ ಕೈಗೆ ಜಾಗವೂ ಇದೆ, ಕೈ ಮಾತ್ರ ಇಲ್ಲ.

ಮಂಡಿನೋವು
ಬಡಿದ ಕೂಡಲೇ ಉಜ್ಜುತ್ತೇವಲ್ಲ, ಅದರಿಂದ ನಿಜಕ್ಕೂ ಕಮ್ಮಿಯಾಗುತ್ತದಾ, ಸಮಾಧಾನಕ್ಕಾ?

ಲೆಕ್ಕಪಕ್ಕಾ
ನಿಜಕ್ಕೂ. ಉಜ್ಜಿದ ಸ್ಪರ್ಶ ದಪ್ಪ ತಂತುಗಳಲ್ಲಿ ಬಂದು ಬಳ್ಳಿಯ ಬಾಗಿಲಲ್ಲೇ ನೋವಿನ ಸುದ್ದಿಯನ್ನು ಸ್ವಲ್ಪ ತಡೆಯುತ್ತದೆ. ಮೆಲ್ಜಾಕ್, ವಾಲ್ ಅನ್ನುವ ವಿಜ್ಞಾನಿಗಳಿಬ್ಬರೂ ಸೇರಿ 1965ರಲ್ಲಿ ಇದನ್ನು ಮುಂದಿಟ್ಟರು. ವಿವರದಲ್ಲಿ ಆಮೇಲೆ ಬಹಳ ತಿದ್ದುಪಡಿ ಆಯಿತು, ಮೂಲ ಮಾತು ನಿಂತಿದೆ. ಸುಟ್ಟ ಜಾಗವನ್ನು ಮಾತ್ರ ಉಜ್ಜಬೇಡಿ ಮಾರಾಯರೇ.

ಕಿರಿಕ್_ಪ್ರಶ್ನೆ
ಮಿದುಳು, ಬಳ್ಳಿ ಎರಡೂ ಅಪ್ಪಣೆ ಕೊಡುತ್ತವೆ ಅಂತಾಯಿತು. ಹೃದಯಕ್ಕೆ ಯಾರು ಅಪ್ಪಣೆ ಕೊಡುವುದು? ನಾನು "ನಿಲ್ಲು" ಅಂದರೆ ನಿಲ್ಲುವುದಿಲ್ಲ.

ಹಳೇಮೇಷ್ಟ್ರು
ಒಳ್ಳೇದೇ ಆಯಿತು ಬಿಡು! ಅದು ನರಮಂಡಲದ ಸ್ವಯಂಚಾಲಿತ ಭಾಗ. ಹೃದಯ ಬಡಿಯುವುದು ತನ್ನದೇ ತಾಳದಲ್ಲಿ. ನರಗಳು ಮಾಡುವುದು ವೇಗ ಹೆಚ್ಚುಕಮ್ಮಿ ಅಷ್ಟೇ. ಅನುವೇದಕ ನರಗಳು ಓಡಿಸುತ್ತವೆ, ಪರಾನುವೇದಕ ನರ ಲಗಾಮು ಎಳೆಯುತ್ತದೆ. ಪರೀಕ್ಷೆ ಹಾಲಿನ ಬಾಗಿಲಲ್ಲಿ ಎದೆ ಡವಡವ, ಬಾಯಿ ಒಣಗುವುದು, ಕಣ್ಣಪಾಪೆ ಅಗಲವಾಗುವುದು, ಎಲ್ಲ ಮೊದಲನೆಯದರ ಕೆಲಸ.

ರಾತ್ರಿಪಾಳಿ
ಹೃದಯ ಕಸಿ ಆದವರ ನಾಡಿ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90, 100 ಇರುತ್ತದೆ. ಹೊಸ ಹೃದಯಕ್ಕೆ ಲಗಾಮಿನ ನರ ಕತ್ತರಿಸಿಹೋಗಿರುತ್ತದೆ. ಮೊದಲ ಸಲ ನೋಡಿದಾಗ ಗಾಬರಿಯಾಗಿ ಡಾಕ್ಟರನ್ನು ಎಬ್ಬಿಸಿದ್ದೆ.

ಹಳೇಮೇಷ್ಟ್ರು
ಆ ಲಗಾಮಿನ ಹಿಂದೆ ನನ್ನ ಮೆಚ್ಚಿನ ಕತೆ ಇದೆ. ಒಟ್ಟೊ ಲೋವಿ ಅನ್ನುವ ವಿಜ್ಞಾನಿಗೆ ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಾಗದು! ಮರುರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ಚೀಟಿ ನಂಬಲಿಲ್ಲ, ನೇರ ಪ್ರಯೋಗಾಲಯಕ್ಕೆ ಹೋದ. ಎರಡು ಕಪ್ಪೆ ಹೃದಯ ದ್ರವದಲ್ಲಿಟ್ಟ. ಒಂದರ ಲಗಾಮಿನ ನರವನ್ನು ಪ್ರಚೋದಿಸಿದ, ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವ ತೆಗೆದು ಇನ್ನೊಂದಕ್ಕೆ ಹಾಕಿದ. ನರ ಮುಟ್ಟದೇ ಇದ್ದರೂ ಅದೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಏನೋ ರಾಸಾಯನಿಕ ಬಿಡುಗಡೆಯಾಗುತ್ತಿದೆ. 1921ರಲ್ಲಿ ಪ್ರಕಟಿಸಿದ, 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಆ ವಸ್ತುವೇ ಅಸಿಟೈಲ್‌ಕೋಲಿನ್.

ಸುಮ್ನೆಬಂದವ
ನನ್ನ ಕನಸಲ್ಲಿ ಬರೀ ಬಸ್ಸು ತಪ್ಪುತ್ತದೆ.

ಲೆಕ್ಕಪಕ್ಕಾ
ಸುಟ್ಟಬೆರಳು ಅವರೇ, ಬಳ್ಳಿಯ ದಾರಿಗೂ ಮಿದುಳಿನ ದಾರಿಗೂ ವ್ಯತ್ಯಾಸ ಮನೆಯಲ್ಲೇ ನೋಡಬಹುದು. 30 ಸೆಂಟಿಮೀಟರ್ ಸ್ಕೇಲನ್ನು ಇನ್ನೊಬ್ಬರು ಮೇಲೆ ಹಿಡಿಯಲಿ. ಸೊನ್ನೆಯ ಗುರುತಿನ ಹತ್ತಿರ ನಿಮ್ಮ ಹೆಬ್ಬೆರಳು, ತೋರುಬೆರಳು ಮುಟ್ಟದ ಹಾಗೆ ಇಡಿ. ಹೇಳದೇ ಬಿಡಲಿ, ನೀವು ಹಿಡಿಯಿರಿ. 20 ಸೆಂಟಿಮೀಟರಿನಲ್ಲಿ ಹಿಡಿದರೆ ಸೆಕೆಂಡಿನ ಐದನೇ ಒಂದು ಭಾಗ, 200 ಮಿಲಿಸೆಕೆಂಡ್. ಮಂಡಿಗೆ ಬಡಿದಾಗ ಕಾಲು ಜಿಗಿಯಲು ಸುಮಾರು 50 ಸಾಕು.

ಸುಟ್ಟಬೆರಳು
ಮಾಡಿದೆವು! ಮಗಳು ಬಿಟ್ಟಳು, ನಾನು ಹಿಡಿದೆ. 24, 22, 23. ಸುಟ್ಟದ್ದು ಬಲಗೈ ಬೆರಳು, ಪಟ್ಟಿ ಸುತ್ತಿದೆ, ಅದಕ್ಕೇ ತಡ ಅಂತ ವಾದ ಮಾಡಿದೆ. ಅವಳು ಎಡಗೈಯಲ್ಲಿ 17ಕ್ಕೆ ಹಿಡಿದು ತೋರಿಸಿದಳು.

ಲೆಕ್ಕಪಕ್ಕಾ
23 ಅಂದರೆ ಸುಮಾರು 217 ಮಿಲಿಸೆಕೆಂಡ್. 17 ಅಂದರೆ 186. ಒಂದು ಅನುಮಾನ, ಬಿಡುವ ಮುಂಚೆ ನಿಮ್ಮ ಮುಖದಲ್ಲಿ ಏನಾದರೂ ಸುಳಿವು ಸಿಕ್ಕಿತಾ ಅವಳಿಗೆ?

ಸುಟ್ಟಬೆರಳು
ಹುಬ್ಬು ಏರಿಸುತ್ತೇನಂತೆ. ಮೊದಲೇ ಯಾಕೆ ಹೇಳಲಿಲ್ಲ ನೀವು?